ದೇವರ ಹರಕೆ, ದೇಶದ ಕಾನೂನು: ಧರ್ಮ ಸ್ವಾತಂತ್ರ್ಯದ ಮಿತಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ವಕೀಲಿ ಮಾಡುತ್ತಾ, ಕಾನೂನು ಅರಿವು ಕಾರ್ಯಕ್ರಮಗಳಿಗಾಗಿ ಸಿಂದಗಿ, ಮುದ್ದೇಬಿಹಾಳ, ಹುನಗುಂದ, ಸವದತ್ತಿ, ಅಥಣಿ ಕಡೆಯ ಹಳ್ಳಿಗಳಿಗೆ ಹೋಗುತ್ತಿರುತ್ತೇನೆ. ಆಸ್ತಿ ಪಾಲು, ಜೀವನಾಂಶ, ಪಹಣಿ ತಿದ್ದುಪಡಿಯ ಪ್ರಶ್ನೆಗಳೆಲ್ಲ ಸಭೆಯಲ್ಲಿ ಗಟ್ಟಿಯಾಗಿಯೇ ಬರುತ್ತವೆ. ದೇವರ ವಿಷಯ ಹಾಗಲ್ಲ. ಜನ ಎದ್ದು ಹೋಗುವ ಹೊತ್ತಿಗೆ ಯಾರಾದರೊಬ್ಬರು ಹತ್ತಿರ ಬಂದು, ದನಿ ತಗ್ಗಿಸಿ ಕೇಳುತ್ತಾರೆ. ಅಂಥ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಧರ್ಮ ಸ್ವಾತಂತ್ರ್ಯ ಮೂಲಭೂತ ಹಕ್ಕು ಎನ್ನುತ್ತೀರಿ. ಹಾಗಿದ್ದ ಮೇಲೆ ಅದಕ್ಕೆ ಮಿತಿ ಎಲ್ಲಿಂದ ಬಂತು?

ಸಂವಿಧಾನದಿಂದಲೇ ಬಂತು. ಮಾತಿನ ಸ್ವಾತಂತ್ರ್ಯದ 19ನೇ ವಿಧಿ ಮೊದಲು ಹಕ್ಕನ್ನು ಕೊಟ್ಟು, ಆಮೇಲೆ ನಿರ್ಬಂಧಗಳನ್ನು ಹೇಳುತ್ತದೆ. 25ನೇ ವಿಧಿ ಆರಂಭವಾಗುವುದೇ ಷರತ್ತಿನಿಂದ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಉಳಿದ ಮೂಲಭೂತ ಹಕ್ಕುಗಳಿಗೆ ಒಳಪಟ್ಟು ಎಲ್ಲ ವ್ಯಕ್ತಿಗಳಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವಿದೆ, ತಮ್ಮ ಧರ್ಮವನ್ನು ಹೇಳಿಕೊಳ್ಳುವ, ಆಚರಿಸುವ, ಪ್ರಸಾರ ಮಾಡುವ ಹಕ್ಕಿದೆ ಎಂಬುದು ಅದರ ಸಾರ. ಅದೇ ವಿಧಿಯ ಎರಡನೆಯ ಭಾಗ ಧರ್ಮಕ್ಕೆ ಅಂಟಿಕೊಂಡ ಹಣಕಾಸಿನ, ರಾಜಕೀಯದ, ಲೌಕಿಕ ವ್ಯವಹಾರಗಳನ್ನು ನಿಯಂತ್ರಿಸಲು ಮತ್ತು ಸಮಾಜ ಸುಧಾರಣೆಯ ಕಾನೂನು ಮಾಡಲು ಸರಕಾರಕ್ಕೆ ಅಧಿಕಾರ ಕೊಡುತ್ತದೆ.

ನಂಬುವುದಕ್ಕೆ ಮಿತಿ ಇಲ್ಲ. ನೀವು ಯಾವ ದೇವರನ್ನು ನಂಬುತ್ತೀರಿ, ನಂಬುತ್ತೀರೋ ಇಲ್ಲವೋ ಎಂದು ಯಾವ ಅಧಿಕಾರಿಯೂ ಕೇಳುವಂತಿಲ್ಲ. ಮಿತಿ ಇರುವುದು ನಡೆಗೆ. ಹಳ್ಳಿಗಳಲ್ಲಿ ನಾನು ಇದನ್ನು ಹರಕೆಯ ಮಾತಿನಲ್ಲಿ ಹೇಳುತ್ತೇನೆ: ಹರಕೆ ಹೊತ್ತವರೇ ಅದನ್ನು ತೀರಿಸಿದರೆ ಕಾನೂನು ಬಹುಮಟ್ಟಿಗೆ ಸುಮ್ಮನಿರುತ್ತದೆ. ಒಬ್ಬರು ಹೊತ್ತ ಹರಕೆಯನ್ನು ಇನ್ನೊಬ್ಬರ ಮೈಮೇಲೆ, ಇನ್ನೊಬ್ಬರ ಬದುಕಿನ ಮೇಲೆ ತೀರಿಸಲು ಹೊರಟರೆ ಅದು ಎದ್ದು ನಿಲ್ಲುತ್ತದೆ.

‘ಜಾತ್ಯತೀತ’ ಎಂದರೆ ಧರ್ಮವೇ ಬೇಡ ಎಂದೇ?

ಅಲ್ಲ. ಪತ್ರಿಕೆಗಳಲ್ಲಿ ‘ಜಾತ್ಯತೀತ’ ಎಂದು ಓದುತ್ತೇವೆ, ಕೆಲವರು ‘ಧರ್ಮನಿರಪೇಕ್ಷ’ ಎನ್ನುತ್ತಾರೆ. ಆದರೆ ನಮ್ಮ ಮಕ್ಕಳು ಶಾಲೆಯಲ್ಲಿ ಓದುವ ಸಂವಿಧಾನದ ಕನ್ನಡ ಪೀಠಿಕೆಯಲ್ಲಿರುವ ಪದ ‘ಸರ್ವಧರ್ಮ ಸಮಭಾವ’. ಮೂರರಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದೇ. ರಾಜ್ಯಕ್ಕೆ ತನ್ನದೆಂಬ ಧರ್ಮವಿಲ್ಲ, ಎಲ್ಲ ಧರ್ಮಗಳನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗಬೇಕು. ಈ ಮಾತು ಪೀಠಿಕೆಗೆ ಸೇರಿದ್ದು 1976ರ 42ನೇ ತಿದ್ದುಪಡಿಯಿಂದ. ಆದರೆ 25ರಿಂದ 28ರವರೆಗಿನ ವಿಧಿಗಳು ಮೊದಲಿನಿಂದಲೂ ಇದ್ದವು. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಸರಕಾರದ ವಜಾದಿಂದ ಹುಟ್ಟಿದ ಮೊಕದ್ದಮೆಯಲ್ಲಿ, 1994ರಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಇದನ್ನು ಸಂವಿಧಾನದ ಮೂಲ ಸ್ವರೂಪದ ಭಾಗವೆಂದು ಎತ್ತಿ ಹಿಡಿಯಿತು.

ಸವದತ್ತಿಯ ಯಲ್ಲಮ್ಮ ನಮ್ಮ ಮನೆದೇವರು. ಗುಡ್ಡಕ್ಕೆ ಹೋಗುವುದನ್ನು, ಹರಕೆ ಕಟ್ಟುವುದನ್ನು ಕಾನೂನು ತಡೆಯುತ್ತದೆಯೇ?

ಗುಡ್ಡಕ್ಕೆ ಹೋಗುವುದನ್ನು ಯಾರೂ ತಡೆಯುವುದಿಲ್ಲ. ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಹೋಗಿ, ಜೋಗುಳಬಾವಿಯಲ್ಲಿ ಮಿಂದು, ‘ಉಧೋ ಉಧೋ’ ಎನ್ನುತ್ತಾ ಹಡಲಿಗೆ ತುಂಬಿಸುವುದು ನಿಮ್ಮ ಹಕ್ಕು. ನಮ್ಮ ಮನೆಯವರೂ ಹೋಗುತ್ತಾರೆ.

ತಡೆ ಇರುವುದು ಮುತ್ತು ಕಟ್ಟುವುದಕ್ಕೆ, ಅಂದರೆ ಹುಡುಗಿಯನ್ನು ದೇವದಾಸಿಯಾಗಿ ದೇವಿಗೆ ಬಿಡುವುದಕ್ಕೆ. ಮನೆಯಲ್ಲಿ ಗಂಡುಸಂತಾನವಿಲ್ಲ, ಮಗುವಿನ ತಲೆಯಲ್ಲಿ ಜಡೆ ಬಂತು, ಬೇನೆ ವಾಸಿಯಾಗಲಿಲ್ಲ ಎಂಬ ಕಾರಣಗಳಿಗೆ ಕೆಂಪು ಬಿಳಿ ಮಣಿಗಳ ಸರವನ್ನು ಒಬ್ಬ ಹುಡುಗಿಯ ಕೊರಳಿಗೆ ಕಟ್ಟಿದರೆ, ಅವಳಿಗೆ ಮದುವೆ ಇಲ್ಲ, ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ. ಹಾಗೆ ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತರ ಮನೆಯ ಹೆಣ್ಣುಮಕ್ಕಳು. ಊರಿನ ಅನುಕೂಲಸ್ಥರ ಮನೆಯ ಹುಡುಗಿಯನ್ನು ಯಾಕೆ ದೇವಿ ಬೇಡಲಿಲ್ಲ ಎಂದು ನಾನು ಸಭೆಗಳಲ್ಲಿ ಕೇಳುತ್ತೇನೆ. ಸಭೆ ಸುಮ್ಮನಾಗುತ್ತದೆ.

ಇದನ್ನು ನಿಷೇಧಿಸಿದ್ದು ಇತ್ತೀಚಿನ ಸರಕಾರಗಳು ಮಾತ್ರ ಎಂದು ತಿಳಿಯಬೇಡಿ. ಬೆಳಗಾವಿ, ವಿಜಯಪುರ ಸೀಮೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ಮುಂಬಯಿ ದೇವದಾಸಿ ಸಂರಕ್ಷಣಾ ಕಾಯ್ದೆ ಬಂದಿತ್ತು. ಅದು ಸಾಲದೆಂದು ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯನ್ನು ಮಾಡಿತು. ಅದರಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಹುಡುಗಿ ಒಪ್ಪಿದಳೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ, ಸಮರ್ಪಣೆ ಎರಡೂ ರೀತಿಯಲ್ಲಿ ಅಕ್ರಮ. ಮತ್ತು ಮುತ್ತು ಕಟ್ಟಿಸಿಕೊಂಡ ಹೆಣ್ಣುಮಗಳು ಮದುವೆಯಾಗಬಹುದು, ಆ ಮದುವೆ ಪೂರ್ತಿ ಸಿಂಧು. ಮುತ್ತು ಕಟ್ಟಿಸಿದವರು ತಂದೆತಾಯಿ, ಬಂಧುಗಳೇ ಆಗಿದ್ದರೆ ಶಿಕ್ಷೆ ಹೆಚ್ಚು. ಕಾಪಾಡಬೇಕಾದ ಕೈಯೇ ಕಟ್ಟಿದ್ದಕ್ಕೆ ಈ ಹೆಚ್ಚಳ ಎಂದು ನಾನು ಓದಿಕೊಳ್ಳುತ್ತೇನೆ.

‘ಇದು ನಮ್ಮ ಸಂಪ್ರದಾಯ, 25ನೇ ವಿಧಿ ನಮ್ಮ ಕಡೆಗಿದೆ’ ಎಂದು ಒಬ್ಬ ಹಿರಿಯರು ನನ್ನೊಡನೆ ವಾದಿಸಿದ್ದರು. 25ನೇ ವಿಧಿ ಹೇಳುವ ಆ ‘ಎಲ್ಲ ವ್ಯಕ್ತಿ’ಗಳಲ್ಲಿ ಆ ಹುಡುಗಿಯೂ ಒಬ್ಬಳು. ಅವಳ ಆತ್ಮಸಾಕ್ಷಿಯನ್ನು ಯಾರೂ ಕೇಳಲಿಲ್ಲ. ಇಲ್ಲಿ ಧರ್ಮ ಸ್ವಾತಂತ್ರ್ಯ ಕಳೆದುಕೊಂಡವಳು ಅವಳೇ.

ಅಗ್ಗಿ ಹಾಯುವುದು, ಬಾಯಿಗೆ ಶಸ್ತ್ರ ಚುಚ್ಚಿಕೊಳ್ಳುವುದು ಸರಿಯೇ?

ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರವನ್ನು ತಡೆಯಲು ಕರ್ನಾಟಕ 2017ರಲ್ಲಿ ಒಂದು ಕಾಯ್ದೆ ಮಾಡಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಎಂಜಲೆಲೆಗಳ ಮೇಲೆ ಉರುಳುವ ಮಡೆಸ್ನಾನ, ಬೆತ್ತಲೆ ಸೇವೆ, ಬಾಯಿಗೆ ಸರಳು ಚುಚ್ಚುವುದು ಇದರ ಪಟ್ಟಿಯಲ್ಲಿವೆ. ಅಗ್ಗಿಯ ವಿಷಯದಲ್ಲಿ ಕಾಯ್ದೆಯ ಮಾತು ಸೂಕ್ಷ್ಮವಾಗಿದೆ. ಜಾತ್ರೆಯಲ್ಲಿ ಕೆಂಡ ಹಾಯುವಂತೆ ಯಾರನ್ನಾದರೂ ಒತ್ತಾಯಿಸುವುದು ಅಪರಾಧ. ಯಾತ್ರೆ, ಪ್ರದಕ್ಷಿಣೆ, ಭಜನೆ, ಕೀರ್ತನೆ, ಜ್ಯೋತಿಷ್ಯ, ವಾಸ್ತು ಯಾವುದನ್ನೂ ಇದು ಮುಟ್ಟುವುದಿಲ್ಲ.

ಬೆಳಗಿನ ಅಜಾನ್, ಗುಡಿಯ ಸುಪ್ರಭಾತ, ಗಣಪತಿ ಮೆರವಣಿಗೆಯ ಡಿಜೆ. ಯಾವುದು ತಪ್ಪು?

ಈ ಪ್ರಶ್ನೆ ಕೇಳುವವರು ಬಹುತೇಕ ಎದುರಿನವರ ಧ್ವನಿವರ್ಧಕದ ಬಗ್ಗೆ ಮಾತ್ರ ಕೇಳುತ್ತಾರೆ. ಕಾನೂನಿಗೆ ಎದುರಿನವರು, ನಮ್ಮವರು ಎಂಬುದಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕ ಹಾಕಲು ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕುವಂತಿಲ್ಲ. ಹಬ್ಬ, ಉತ್ಸವಗಳಿಗೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಲು ರಾಜ್ಯ ಸರಕಾರಕ್ಕೆ ಅಧಿಕಾರವಿದೆ, ಅದೂ ವರ್ಷಕ್ಕೆ ಹೆಚ್ಚೆಂದರೆ 15 ದಿನ. ಜನವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವಾಗಬಹುದು, ಅಲ್ಲಿ ಮಿತಿ ಇನ್ನೂ ಕಡಿಮೆ.

ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿತು. ಆ ಮೊಕದ್ದಮೆ ಚೆನ್ನೈನ ಒಂದು ಚರ್ಚಿನದು. 2020ರಲ್ಲಿ ಅಲಹಾಬಾದ್ ಹೈಕೋರ್ಟ್, ಅಜಾನ್ ಧರ್ಮದ ಭಾಗ, ಅದಕ್ಕೆ ಬಳಸುವ ಧ್ವನಿವರ್ಧಕ ಧರ್ಮದ ಭಾಗವಲ್ಲ ಎಂದು ಬಿಡಿಸಿ ಹೇಳಿತು. ಈ ಮಾತನ್ನು ಗುಡಿಗೂ, ಬೆಳಗಾವಿಯಲ್ಲಿ ಮರುದಿನದವರೆಗೂ ಸಾಗುವ ಗಣಪತಿ ವಿಸರ್ಜನೆಯ ಮೆರವಣಿಗೆಗೂ ಹಾಗೆಯೇ ಅನ್ವಯಿಸಿ. ದೇವರಿಗೆ ಆರತಿ ಎತ್ತುವುದು ಧರ್ಮ. ಎದೆ ನಡುಗಿಸುವ ಪೆಟ್ಟಿಗೆಗಳನ್ನು ಟ್ರ್ಯಾಕ್ಟರಿನ ಮೇಲೆ ಹೇರಿಕೊಂಡು ಹೋಗುವುದು ಬಾಡಿಗೆಯ ವ್ಯವಹಾರ. ಎರಡೂ ಕಡೆಯ ಹಿರಿಯರು ಒಟ್ಟಿಗೆ ಕೂತರೆ ಈ ಜಗಳ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ ಎಂಬುದು ನಾನು ಕಂಡ ಸತ್ಯ. ಒಂದು ಊರಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ ಗುಡಿ, ಮಸೀದಿ ಎರಡರವರೂ ತಾವಾಗಿಯೇ ದನಿ ತಗ್ಗಿಸಿದರು. ಯಾರೂ ಅರ್ಜಿ ಕೊಟ್ಟಿರಲಿಲ್ಲ.

ಯಾವುದು ಧರ್ಮದ ಭಾಗ, ಯಾವುದು ಅಲ್ಲ ಎಂದು ಹೇಳಲು ನ್ಯಾಯಾಧೀಶರು ಯಾರು?

ಈ ಪ್ರಶ್ನೆಯ ಬೇರು ಕರ್ನಾಟಕದಲ್ಲೇ ಇದೆ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ, 1954ರಲ್ಲಿ, ಧರ್ಮದ ಅಗತ್ಯ ಭಾಗ ಯಾವುದೆಂಬುದನ್ನು ಆ ಧರ್ಮದ ಸಿದ್ಧಾಂತದ ಒಳಗಿನಿಂದಲೇ ನೋಡಿ ತಿಳಿಯಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಮಠಗಳಿಗೆ ಬಲ ಕೊಟ್ಟ ಮಾತದು. ಕಾಲ ಕಳೆದಂತೆ ನಿರ್ಧರಿಸುವ ಕೆಲಸ ನ್ಯಾಯಾಲಯದ ಕೈಗೇ ಬಂತು. 1958ರಲ್ಲಿ ಬಕ್ರೀದಿಗೆ ಹಸುವನ್ನೇ ಬಲಿ ಕೊಡಬೇಕೆಂಬ ಕಡ್ಡಾಯವಿಲ್ಲ ಎಂದಿತು. 1983ರಲ್ಲಿ ಆನಂದಮಾರ್ಗ ಪಂಥದವರು ಬುರುಡೆ ಹಿಡಿದು ಬೀದಿಯಲ್ಲಿ ಮಾಡುವ ತಾಂಡವ ನೃತ್ಯ ಅವರ ಧರ್ಮಕ್ಕೆ ಅಗತ್ಯವಲ್ಲ ಎಂದಿತು. 2018ರ ಶಬರಿಮಲೆ ತೀರ್ಪಿನ ನಂತರ ಈ ಪರೀಕ್ಷೆಯೇ ಎಷ್ಟು ಸರಿ ಎಂಬ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಹೋಯಿತು.

ನನಗೆ ಈ ಪರೀಕ್ಷೆ ಒಗ್ಗುವುದಿಲ್ಲ. ಕರಿ ಕೋಟು ತೊಟ್ಟವರು ಆಗಮ, ಹದೀಸು, ಪುರಾಣಗಳನ್ನು ತಿರುವಿ ‘ಇದು ನಿನ್ನ ಧರ್ಮದಲ್ಲಿ ಮುಖ್ಯವಲ್ಲ’ ಎಂದು ಭಕ್ತನಿಗೆ ಹೇಳುವುದು ಅವರ ಕೆಲಸವೂ ಅಲ್ಲ, ಅದರಲ್ಲಿ ಅವರಿಗೆ ಪರಿಣತಿಯೂ ಇಲ್ಲ. ಮುತ್ತು ಕಟ್ಟುವುದು ಹಳೆಯ ಗ್ರಂಥಗಳಲ್ಲಿದ್ದರೂ ಅದು ತಪ್ಪೇ. ನೋಡಬೇಕಾದ್ದು ಯಾರಿಗೆ ನೋವಾಯಿತು, ಯಾರ ಹಕ್ಕು ಹೋಯಿತು ಎಂಬುದನ್ನು. ಅದನ್ನು ಅಳೆಯಲು ನ್ಯಾಯಾಲಯಕ್ಕೆ ಚೆನ್ನಾಗಿ ಬರುತ್ತದೆ.

ಗುಡಿ ನಮ್ಮ ಮನೆತನದವರು ಕಟ್ಟಿಸಿದ್ದು. ಯಾರನ್ನು ಒಳಗೆ ಬಿಡಬೇಕೆಂಬುದು ನಮ್ಮ ಇಚ್ಛೆಯಲ್ಲವೇ?

ಮನೆಯೊಳಗಿನ ಜಗಲಿಗೆ ಈ ಮಾತು ಸರಿ. ಊರವರು ಕೈ ಮುಗಿಯುವ ಗುಡಿಗೆ ಸರಿಯಲ್ಲ. 26ನೇ ವಿಧಿ ಪಂಥಗಳಿಗೆ ತಮ್ಮ ಧಾರ್ಮಿಕ ವ್ಯವಹಾರ ನೋಡಿಕೊಳ್ಳುವ ಹಕ್ಕು ಕೊಡುತ್ತದೆ, ನಿಜ. ಮೂಲ್ಕಿಯ ವೆಂಕಟರಮಣ ದೇವಸ್ಥಾನದವರು ಇದನ್ನೇ ಹಿಡಿದು ವಾದಿಸಿದ್ದರು. 1957ರಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ಸ್ವರೂಪದ ದೇವಾಲಯದ ಬಾಗಿಲನ್ನು ಎಲ್ಲ ಹಿಂದೂಗಳಿಗೆ ತೆರೆಯುವ ಕಾನೂನು ಆ ಹಕ್ಕಿಗಿಂತ ಮೇಲು ಎಂದಿತು. ಪಂಥಕ್ಕೇ ಸೇರಿದ ಕೆಲವು ವಿಶೇಷ ಸೇವೆಗಳನ್ನು ಮಾತ್ರ ಅವರಿಗೆ ಬಿಟ್ಟಿತು. ಅದರಾಚೆಗೆ 17ನೇ ವಿಧಿ ಇದೆ. ಅಸ್ಪೃಶ್ಯತೆ ಯಾವ ರೂಪದಲ್ಲಿದ್ದರೂ ನಿಷಿದ್ಧ. ದಲಿತರನ್ನು ಗುಡಿಯ ಹೊಸ್ತಿಲಲ್ಲಿ ತಡೆದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಮತ್ತು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣವಾಗುತ್ತದೆ.

ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯಲ್ಲಿದೆ, ಐಕ್ಯರಾದ ಕೂಡಲಸಂಗಮ ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿದೆ. ಈ ಎರಡೂ ಊರುಗಳ ನಡುವಿನ ನೆಲದಲ್ಲಿ ಇಂದಿಗೂ ಈ ಪ್ರಶ್ನೆಗೆ ಉತ್ತರಿಸಬೇಕಾಗಿ ಬರುವುದು ನನಗೆ ಸಂಕಟ ತರುತ್ತದೆ.

ಜೈನರ ಸಲ್ಲೇಖನ ಆತ್ಮಹತ್ಯೆಯೇ?

ಚಿಕ್ಕೋಡಿ, ಅಥಣಿ, ರಾಯಬಾಗ ಭಾಗದಲ್ಲಿ ನೇಗಿಲು ಹಿಡಿದ ಜೈನ ಕುಟುಂಬಗಳು ಬಹಳ. ಆಹಾರ ಬಿಟ್ಟು ಸಾವನ್ನು ಕಾಯುವ ಈ ವ್ರತ ಅವರಿಗೆ ಪುಸ್ತಕದ ಪ್ರಶ್ನೆಯಲ್ಲ, ಮನೆಯ ಅಜ್ಜಿಯ ಪ್ರಶ್ನೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಂಥಾರ, ಅಂದರೆ ಸಲ್ಲೇಖನ, ಆತ್ಮಹತ್ಯೆಗೆ ಸಮ, ಅದಕ್ಕೆ ನೆರವಾಗುವುದು ಅಪರಾಧ ಎಂದಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಇಲ್ಲಿ ನನ್ನ ಹರಕೆಯ ಅಳತೆಗೋಲು ಕಷ್ಟಕ್ಕೆ ಸಿಗುತ್ತದೆ. ವ್ರತ ಹಿಡಿದವರೇ ಅದನ್ನು ಪಾಲಿಸುತ್ತಾರೆ. ಬೇರೆಯವರಿಗೆ ಹಾನಿ ಇಲ್ಲ. ಹತಾಶೆಯಿಂದ ಜೀವ ಕಳೆದುಕೊಳ್ಳುವುದಕ್ಕೂ, ಆಯುಷ್ಯದ ಕೊನೆಯಲ್ಲಿ ಎಲ್ಲರ ಕ್ಷಮೆ ಕೇಳಿ, ಗುರುವಿನ ಅಪ್ಪಣೆ ಪಡೆದು, ಆಹಾರವನ್ನು ಕ್ರಮವಾಗಿ ಬಿಡುವುದಕ್ಕೂ ನಾನು ಅಂತರ ಕಾಣುತ್ತೇನೆ. ಶ್ರವಣಬೆಳಗೊಳದ ಬಂಡೆಗಳ ಮೇಲೆ ಇಂಥವರ ಹೆಸರುಗಳು ಶತಮಾನಗಳಿಂದ ಕೆತ್ತಿ ಉಳಿದಿವೆ. ಹಾಗೆಂದು ಕಾನೂನು ಕಣ್ಣು ಮುಚ್ಚಬೇಕು ಎನ್ನಲಾರೆ. ಹಾಸಿಗೆ ಹಿಡಿದ ವಿಧವೆಯೊಬ್ಬರು ಮನೆಯವರಿಗೆ ಭಾರವಾದೆನೆಂದು ‘ಒಪ್ಪಿದರೆ’ ಅದು ಯಾರ ವ್ರತ? ಮನಸ್ಸು ಬದಲಿಸಿ ಒಂದು ಗುಟುಕು ನೀರು ಕೇಳಿದರೆ ಕೊಡುವವರು ಪಕ್ಕದಲ್ಲಿದ್ದಾರೆಯೇ? ವ್ರತವನ್ನೇ ನಿಷೇಧಿಸುವುದಕ್ಕಿಂತ ಈ ಪ್ರಶ್ನೆಗಳಿಗೆ ಉತ್ತರ ಪಡೆಯುವ ದಾರಿಯನ್ನು ಕಾನೂನು ಹುಡುಕಬೇಕು.

ಜಾತ್ರೆಯಲ್ಲಿ ಕುರಿ, ಕೋಣ ಕಡಿಯಬಹುದೇ?

ಗುಡಿಯಲ್ಲಿ, ಗುಡಿಯ ಆವರಣದಲ್ಲಿ ಬಲಿ ಕೊಡುವಂತಿಲ್ಲ. 1959ರ ಕರ್ನಾಟಕ ಪ್ರಾಣಿ ಬಲಿ ತಡೆ ಕಾಯ್ದೆ ಇದೆ.

ಅಕ್ಷಯ ತದಿಗೆಯ ಸಾಮೂಹಿಕ ಮದುವೆಯಲ್ಲಿ ಹದಿನಾರರ ಹುಡುಗಿಗೆ ತಾಳಿ ಕಟ್ಟಿದರೆ?

ಸ್ವಾಮಿಗಳ ಸಾನ್ನಿಧ್ಯವಿದ್ದರೂ, ಮೌಲ್ವಿಗಳು ನಿಕಾಹ್ ಓದಿದರೂ ಅಪರಾಧವೇ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಿಂದ ನಮ್ಮ ರಾಜ್ಯದಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಮದುವೆಗೆ ಮುಂಚೆ ಸುದ್ದಿ ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅಕ್ಕಿಕಾಳು ಬಿದ್ದ ಮೇಲೆ ಬರುವ ಕರೆಗಳೇ ನಮಗೆ ಹೆಚ್ಚು. ಒಂದು ದಿನ ಮುಂಚೆ ಬಂದಿದ್ದರೆ ಎಂದು ಹಳಹಳಿಸಿದ್ದು ಎಷ್ಟೋ ಸಲ.

ಹಿಜಾಬ್ ವಿಷಯ ಕೊನೆಗೆ ಏನಾಯಿತು?

ಅದು ಅಗತ್ಯ ಧಾರ್ಮಿಕ ಆಚರಣೆಯಲ್ಲ, ಸಮವಸ್ತ್ರದ ನಿಯಮ ಸರಿ ಎಂದು ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್ 15ರಂದು ಹೇಳಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತ ಹೈಕೋರ್ಟಿನ ತೀರ್ಪನ್ನು ಒಪ್ಪಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಒಪ್ಪಲಿಲ್ಲ, ಹುಡುಗಿಯ ಓದಿಗೇ ಮೊದಲ ಸ್ಥಾನ ಕೊಟ್ಟರು. ಪ್ರಶ್ನೆಯನ್ನು ದೊಡ್ಡ ಪೀಠ ನೋಡಬೇಕೆಂದಾಯಿತು. ತಲೆಯ ಮೇಲಿನ ಬಟ್ಟೆಯಿಂದ ಪಕ್ಕದ ಬೆಂಚಿನವರ ಯಾವ ಹಕ್ಕು ಹೋಗುತ್ತದೆ ಎಂಬುದಕ್ಕೆ ನನಗೆ ತೃಪ್ತಿಕರ ಉತ್ತರ ಸಿಕ್ಕಿಲ್ಲ. ಹಾಕಿಕೊಳ್ಳಲೇಬೇಕೆಂದು ಮನೆಯವರು ಹುಡುಗಿಯನ್ನು ಬಲವಂತಪಡಿಸಿದರೂ ನಾನು ಅವಳ ಪರವಾಗಿಯೇ ನಿಲ್ಲುತ್ತೇನೆ.

ಮತಾಂತರ ಕಾನೂನು ಬಾಹಿರವೇ?

ಸ್ವಂತ ಇಚ್ಛೆಯಿಂದ ಧರ್ಮ ಬದಲಿಸುವುದು ಆತ್ಮಸಾಕ್ಷಿಯ ಸ್ವಾತಂತ್ರ್ಯ. ಆದರೆ ‘ಪ್ರಸಾರ’ದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಲಾತ್ಕಾರ, ಆಮಿಷ, ವಂಚನೆಯ ಮತಾಂತರವನ್ನು ಶಿಕ್ಷಿಸುವ ಕರ್ನಾಟಕದ ಮಸೂದೆಯನ್ನು ವಿಧಾನಸಭೆ ಒಪ್ಪಿದ್ದು 2021ರ ಡಿಸೆಂಬರಿನಲ್ಲಿ, ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ. 2022ರಲ್ಲಿ ಅದು ಕಾಯ್ದೆಯಾಯಿತು. ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆದರೆ ಸಂಪುಟದ ತೀರ್ಮಾನ ಮಾತ್ರದಿಂದ ಯಾವ ಕಾಯ್ದೆಯೂ ರದ್ದಾಗುವುದಿಲ್ಲ, ವಿಧಾನಮಂಡಲ ಅದನ್ನು ತೆಗೆದುಹಾಕಬೇಕು. ಧರ್ಮ ಬದಲಿಸುವ ಮುಂಚೆ ಜಿಲ್ಲಾಡಳಿತಕ್ಕೆ ತಿಳಿಸಿ, ಆಕ್ಷೇಪಣೆಗೆ ಕಾಯಬೇಕೆಂಬ ಅದರ ನಿಯಮ ನನಗೆ ಸರಿ ಕಾಣುವುದಿಲ್ಲ. ಮನಸ್ಸಿನ ಬದಲಾವಣೆಗೆ ನೋಟಿಸ್ ಹಚ್ಚಬೇಕಾಗಿ ಬರಬಾರದು.

ನಮ್ಮೂರಲ್ಲಿ ಮುಸಲ್ಮಾನರ ಮನೆಗಳೇ ಇಲ್ಲ. ಆದರೂ ಮೊಹರಂ ಮಾಡುತ್ತೇವೆ. ಇದಕ್ಕೆ ಯಾರಾದರೂ ತಕರಾರು ಮಾಡಬಹುದೇ?

ತಕರಾರು ಮಾಡುವವರು ಎರಡೂ ಕಡೆ ಹುಟ್ಟಿಕೊಂಡಿದ್ದಾರೆ. ‘ಅದು ನಿಮ್ಮದಲ್ಲ’ ಎಂದು ಹಿಂದೂಗಳಿಗೆ ಹೇಳುವವರೂ, ‘ಅದು ಇಸ್ಲಾಮಿನದಲ್ಲ’ ಎಂದು ಮುಸಲ್ಮಾನರಿಗೆ ಹೇಳುವವರೂ. ಕಾನೂನಿನಲ್ಲಿ ಇಬ್ಬರಿಗೂ ಜಾಗವಿಲ್ಲ. 25ನೇ ವಿಧಿಯ ಹಕ್ಕು ವ್ಯಕ್ತಿಯದು, ಸಮುದಾಯದ ಮುಖಂಡರದಲ್ಲ. ಅಲಾಯಿ ದೇವರನ್ನು ಕೂಡಿಸಿ, ಸಕ್ಕರೆ ಓದಿಸಿ, ಹೆಜ್ಜೆ ಹಾಕುವ ಒಕ್ಕಲಿಗನಿಗೆ ಆ ನಂಬಿಕೆ ಅವನದೇ. ಬೇರೆಯವರ ನಂಬಿಕೆಯನ್ನು ಬೇಕೆಂದೇ, ದುರುದ್ದೇಶದಿಂದ ಅವಮಾನಿಸಿದರೆ ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಇದೆ. ಹಿಂದೆ ಅದು 295ಎ ಆಗಿತ್ತು.

ಸರಕಾರಕ್ಕೆ ಮಿತಿ ಇಲ್ಲವೇ? ಎಲ್ಲವೂ ಜನರಿಗೇಯೇ?

ಇದೆ, ಅದನ್ನು ನೆನಪಿಸುವುದು ನಮ್ಮ ಹಕ್ಕು. 27ನೇ ವಿಧಿಯಂತೆ ಒಂದು ಧರ್ಮವನ್ನು ಬೆಳೆಸಲು ತೆರಿಗೆ ಕಟ್ಟುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ. 28ರಂತೆ ಪೂರ್ತಿ ಸರಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಮಾಡುವಂತಿಲ್ಲ. ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರನ್ನು ಹೊರಹಾಕಿದ್ದು ತಪ್ಪೆಂದು 1986ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸೇರಿಸಿಕೊಳ್ಳಲು ಹೇಳಿತು. ಆ ಮಕ್ಕಳ ಮೌನದಿಂದ ಯಾರಿಗೂ ಏನೂ ಆಗಿರಲಿಲ್ಲ. ಈ ತೀರ್ಪನ್ನು ಕಾಲೇಜುಗಳಲ್ಲಿ ಓದಿ ಹೇಳುವಾಗಲೆಲ್ಲ ನನಗೆ ಹೊಸ ಧೈರ್ಯ ಬರುತ್ತದೆ.

ರಸ್ತೆ ಮಧ್ಯದ ಕಟ್ಟೆ, ದರ್ಗಾ, ಗುಡಿಗಳು?

ಸಾರ್ವಜನಿಕ ರಸ್ತೆ, ಉದ್ಯಾನಗಳಲ್ಲಿ ಹೊಸದಾಗಿ ಅನಧಿಕೃತ ಪ್ರಾರ್ಥನಾ ಸ್ಥಳ ಕಟ್ಟಲು ಬಿಡಬಾರದೆಂದು 2009ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಹಳೆಯವನ್ನು ಉಳಿಸಲು ಕರ್ನಾಟಕ 2021ರಲ್ಲಿ ಒಂದು ಕಾಯ್ದೆ ಮಾಡಿತು. ಹೊಸದಕ್ಕೆ ಆ ರಕ್ಷಣೆ ಇಲ್ಲ.

ತೊಂದರೆಯಾದರೆ ಎಲ್ಲಿಗೆ ಹೋಗಬೇಕು?

ಮೊದಲು ಠಾಣೆಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯದೆ ಬರಬೇಡಿ. ಶಬ್ದದ ದೂರಾದರೆ ದಿನಾಂಕ, ಸಮಯ ಬರೆದಿಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಮೂಲಭೂತ ಹಕ್ಕಿಗಾಗಿ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕಬೇಕಾದರೆ, ಬೆಳಗಾವಿ ಮತ್ತು ಬಾಗಲಕೋಟೆಯವರು ಧಾರವಾಡ ಪೀಠಕ್ಕೆ ಹೋಗಬೇಕು, ವಿಜಯಪುರದವರು ಕಲಬುರಗಿ ಪೀಠಕ್ಕೆ. ಬೆಂಗಳೂರಿನವರೆಗೆ ಹೋಗುವ ಖರ್ಚಿಗೆ ಹೆದರಿ ಎಷ್ಟೋ ಜನ ಸುಮ್ಮನಾಗಿರುವುದನ್ನು ನೋಡಿದ್ದೇನೆ, ಅದಕ್ಕೇ ಇದನ್ನು ಒತ್ತಿ ಬರೆಯುತ್ತಿದ್ದೇನೆ. ಬರುವಾಗ ಆಧಾರ್ ಪ್ರತಿ, ಠಾಣೆಯ ಸ್ವೀಕೃತಿ, ಮೊಬೈಲ್‌ನಲ್ಲಿ ಫೋಟೋ ಇದ್ದರೆ ಅದನ್ನೂ ತನ್ನಿ.